ಹಳೇ ಹೋಮ್ ಕಂಪ್ಯೂಟರ್‌ಗಳ ರಿವ್ಯೂಗಳು ನಮ್ಮ ಮಲೆನಾಡಿನ ಮನೆಗಳಿಗೆ ಎಷ್ಟು ಹೊಂದುತ್ತಿದ್ದವು?

ಶರಾವತಿ48, ಸಾಗರ

ಎಲ್ಲರಿಗೂ ನಮಸ್ಕಾರ. 1980ರ ದಶಕದ ಕಂಪ್ಯೂಟರ್ ಪತ್ರಿಕೆಗಳು ಈಗ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಓದಲು ಸಿಗುತ್ತವೆ. ಬೈಟ್, ಪರ್ಸನಲ್ ಕಂಪ್ಯೂಟರ್ ವರ್ಲ್ಡ್, ಕ್ರ್ಯಾಶ್, ಎಲ್ಲ ಇವೆ. ಈಚೆಗೆ ರಾತ್ರಿ ಊಟ ಆದಮೇಲೆ ನಾನು ಅವುಗಳ ರಿವ್ಯೂಗಳನ್ನೇ ಓದುತ್ತಿದ್ದೇನೆ. ಓದುತ್ತಾ ಓದುತ್ತಾ ಎರಡು ವಿಷಯ ಹೊಳೆದವು. ಇಲ್ಲಿ ಹಾಕುತ್ತೇನೆ, ನೀವೂ ಹೇಳಿ.

ಮೊದಲನೆಯದು, ಆಗಿನ ರಿವ್ಯೂ ಬರೆಯುವವರು ಓದುಗರನ್ನು ಬಹಳ ಗೌರವದಿಂದ ಕಂಡಿದ್ದಾರೆ. ಯಂತ್ರ ಕೈಗೆ ಬಂದ ಕೂಡಲೇ ಸ್ಕ್ರೂ ಬಿಚ್ಚುತ್ತಿದ್ದರು. ಒಳಗೆ ಯಾವ ಚಿಪ್ ಇದೆ, ಮೆಮೊರಿಯಲ್ಲಿ ಸ್ಕ್ರೀನಿಗೆ ಎಷ್ಟು ಹೋಗುತ್ತದೆ, ಪ್ರೋಗ್ರಾಂ ಬರೆಯುವ ಬೇಸಿಕ್ ಭಾಷೆಯಲ್ಲಿ ಏನಿದೆ ಏನಿಲ್ಲ, ಕೈಪಿಡಿ ಹೊಸಬರಿಗೆ ಅರ್ಥ ಆಗುತ್ತದಾ, ಎಲ್ಲವನ್ನೂ ಬರೆಯುತ್ತಿದ್ದರು. ಬ್ರಿಟನ್ನಿನ ಸಿಂಕ್ಲೇರ್ ಕಂಪನಿಯ ಹೋಮ್ ಕಂಪ್ಯೂಟರ್ ಸ್ಪೆಕ್ಟ್ರಮ್‌ನ 48ಕೆ (48 ಕಿಲೋಬೈಟ್) ಮೆಮೊರಿಯಲ್ಲಿ ಸ್ಕ್ರೀನಿಗೇ 6,912 ಬೈಟ್ ಹೋಗುತ್ತದೆ. ಇಂಥ ಲೆಕ್ಕ ಓದುಗರಿಗೆ ಬೇಕು ಅಂತ ಅವರು ನಂಬಿದ್ದರು. ಯಾಕೆಂದರೆ ಕೊಂಡವರು ತಾವೇ ಪ್ರೋಗ್ರಾಂ ಬರೆಯುತ್ತಾರೆ ಅನ್ನೋದು ಅವರ ಮನಸ್ಸಿನಲ್ಲಿತ್ತು.

ಎರಡನೆಯದು, ಆ ರಿವ್ಯೂಗಳಲ್ಲಿ ನಮ್ಮ ಮನೆ ಇಲ್ಲ. ಸ್ಪೆಕ್ಟ್ರಮ್ ಬಂದಿದ್ದು 1982ರ ಏಪ್ರಿಲ್‌ನಲ್ಲಿ. 16ಕೆ ಯಂತ್ರಕ್ಕೆ 125 ಪೌಂಡ್, 48ಕೆಗೆ 175. ಬ್ರಿಟನ್ನಿನದೇ ಇನ್ನೊಂದು ಯಂತ್ರ ಬಿಬಿಸಿ ಮೈಕ್ರೋ ಮಾಡೆಲ್ ಬಿ ಬೆಲೆ ಏರಿ 399 ಪೌಂಡ್ ಆಗಿತ್ತು. ಯಾವುದನ್ನು ಕೊಳ್ಳಬೇಕು ಅಂತ ಪುಟಗಟ್ಟಲೆ ಚರ್ಚೆ. ಆದರೆ ಆ ಚರ್ಚೆಯೆಲ್ಲ ಒಣಗಿದ ಕೋಣೆ, ಸರಿಯಾದ ಕರೆಂಟು, ಹತ್ತಿರದಲ್ಲೇ ಅಂಗಡಿ ಇರುವವರಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮನೆಯಲ್ಲಿ ಕಂಪ್ಯೂಟರ್ ಹೇಗೆ ಬದುಕುತ್ತದೆ ಅಂತ ಯಾರೂ ಬರೆಯಲಿಲ್ಲ. ಆ ರಿವ್ಯೂವನ್ನು ನಾವೇ ಬರೆಯಬೇಕು ಅಂತ ನನಗೆ ಅನಿಸಿದೆ. ನಿಮ್ಮ ಯಂತ್ರ ಯಾವುದಿತ್ತು? ಮಲೆನಾಡಿನಲ್ಲಿ ಅದು ಹೇಗೆ ನಡೆಯಿತು?

ದುರ್ಗಿಗುಡಿ ಮೇಷ್ಟ್ರು, ಶಿವಮೊಗ್ಗ

ಒಳ್ಳೇ ವಿಷಯ ಎತ್ತಿದ್ದೀರಿ. ನಾನು ಬೆಂಚ್‌ಮಾರ್ಕ್, ಅಂದರೆ ಯಂತ್ರದ ವೇಗ ಅಳೆಯುವ ಪರೀಕ್ಷೆಯ ಬಗ್ಗೆ ಹೇಳುತ್ತೇನೆ, ಅದು ನನಗೆ ಬಹಳ ಪ್ರೀತಿಯ ವಿಷಯ.

1977ರಲ್ಲಿ ಅಮೆರಿಕದ ಕಿಲೋಬೌಡ್ ಪತ್ರಿಕೆಯಲ್ಲಿ ಟಾಮ್ ರಗ್, ಫಿಲ್ ಫೆಲ್ಡ್‌ಮನ್ ಅನ್ನುವ ಇಬ್ಬರು ಏಳು ಪುಟ್ಟ ಬೇಸಿಕ್ ಪ್ರೋಗ್ರಾಂ ಕೊಟ್ಟರು. ಮೊದಲನೆಯದು ಸುಮ್ನೆ ಸಾವಿರ ಸಲ ಸುತ್ತುವ ಫಾರ್-ನೆಕ್ಸ್ಟ್ ಲೂಪ್. ಎರಡನೆಯದರಲ್ಲಿ ಅದೇ ಸುತ್ತು, ಆದರೆ ಇಫ್ ಹಾಕಿ ಕೈಯಾರೆ ಎಣಿಸಬೇಕು. ಆಮೇಲೆ ಗುಣಾಕಾರ, ಭಾಗಾಕಾರ, ಗೋಸಬ್ (ಪ್ರೋಗ್ರಾಂನ ಬೇರೆ ತುಣುಕಿಗೆ ಹೋಗಿ ಬರುವುದು), ಅರೇ (ಸಂಖ್ಯೆಗಳ ಪಟ್ಟಿ), ಒಂದೊಂದಾಗಿ ಸೇರುತ್ತಾ ಹೋಗುತ್ತವೆ. ಬ್ರಿಟನ್ನಿನ ಪರ್ಸನಲ್ ಕಂಪ್ಯೂಟರ್ ವರ್ಲ್ಡ್ ಇದಕ್ಕೆ ಎಂಟನೆಯದನ್ನು ಸೇರಿಸಿತು. ಅದರಲ್ಲಿ ಲಾಗ್, ಸೈನ್ ಥರದ ಲೆಕ್ಕ. ಮುಂದೆ ಅವರ ರಿವ್ಯೂಗಳಲ್ಲಿ ಈ ಎಂಟರ ಪಟ್ಟಿ ಕಾಯಂ ಆಯಿತು.

ಇದರ ಸೊಗಸು ಏನು ಗೊತ್ತಾ? ಇಡೀ ಪರೀಕ್ಷೆಯನ್ನು ಓದುಗನೇ ಮನೆಯಲ್ಲಿ ಮಾಡಿ ನೋಡಬಹುದಿತ್ತು. ಕೈಗಡಿಯಾರ ಒಂದಿದ್ದರೆ ಸಾಕು. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ, ಕ್ಲಾಸ್ (CLASS) ಅನ್ನುವ ಹೆಸರಿನ ಯೋಜನೆ ತಂದಿತು. ಅದರಲ್ಲಿ ಬಿಬಿಸಿ ಮೈಕ್ರೋಗಳು ಬಂದವು. ಅವುಗಳ ಮುಂದೆ ನಾನು ಪಾಠ ಮಾಡಿದ್ದೇನೆ. ಮೊದಲನೇ ಬೆಂಚ್‌ಮಾರ್ಕನ್ನು ಬೋರ್ಡ್ ಮೇಲೆ ಬರೆಯುತ್ತಿದ್ದೆ. ಮಕ್ಕಳು ಟೈಪ್ ಮಾಡಿ ರನ್ ಒತ್ತಿ, ಮೂರು ತಲೆ ಸೇರಿಸಿ ಒಂದೇ ವಾಚ್ ನೋಡುತ್ತಿದ್ದರು. ಬಿಬಿಸಿಯಲ್ಲಿ ಅದು ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಸ್ಪೆಕ್ಟ್ರಮ್‌ನಲ್ಲಿ ನಾಲ್ಕು ಸೆಕೆಂಡು ದಾಟುತ್ತದೆ.

ಯಾಕೆ ಇಷ್ಟು ವ್ಯತ್ಯಾಸ ಅಂತ ಕೇಳಿದ ಮಗು ಅವತ್ತೇ ಕಂಪ್ಯೂಟರ್ ಅರ್ಥ ಮಾಡಿಕೊಳ್ಳಲು ಶುರು ಮಾಡಿದ ಹಾಗೆ. ಬಿಬಿಸಿಯ 6502 ಪ್ರೊಸೆಸರ್ 2 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಸ್ಪೆಕ್ಟ್ರಮ್‌ನ ಝಡ್80 3.5 ಮೆಗಾಹರ್ಟ್ಸ್. ಸಂಖ್ಯೆ ನೋಡಿದರೆ ಸ್ಪೆಕ್ಟ್ರಮ್ ಗೆಲ್ಲಬೇಕು. ಆದರೆ ಬಿಬಿಸಿ ಬೇಸಿಕ್ ಬರೆದ ಸೋಫಿ ವಿಲ್ಸನ್ ಅದನ್ನು ಬಹಳ ಚುರುಕಾಗಿ ಬರೆದಿದ್ದರು. ಸ್ಪೆಕ್ಟ್ರಮ್ ಬೇಸಿಕ್ ಅನ್ನು 16ಕೆ ರಾಮ್ (ROM, ಯಂತ್ರದಲ್ಲೇ ಕಾಯಂ ಬರೆದಿಟ್ಟ ಮೆಮೊರಿ) ಒಳಗೆ ಹಿಡಿಸುವ ಒತ್ತಡ ಇತ್ತು, ವೇಗ ಹಿಂದೆ ಉಳಿಯಿತು. ಮೆಗಾಹರ್ಟ್ಸ್ ನೋಡಿ ಮರುಳಾಗಬೇಡಿ ಅನ್ನುವ ಪಾಠ ಒಂದು ಲೂಪ್‌ನಲ್ಲಿ ಸಿಕ್ಕಿತು. ಇದೇ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದೆ ಆರ್ಮ್ ಪ್ರೊಸೆಸರ್ ಮಾಡಿದರು, 1985ರಲ್ಲಿ. ಇವತ್ತು ನಮ್ಮ ಜೇಬಿನ ಫೋನಿನಲ್ಲಿ ಇರುವುದು ಅದರ ಸಂತಾನ.

ತುಂಗಾತೀರ, ತೀರ್ಥಹಳ್ಳಿ

ಮೇಷ್ಟ್ರೇ, ಬೆಂಚ್‌ಮಾರ್ಕ್ ಶಾಲೆಗೆ ಸರಿ. ಮನೆಯಲ್ಲಿ ನಮಗೆ ಅದು ಲೆಕ್ಕಕ್ಕೇ ಬರಲಿಲ್ಲ. ಲೂಪ್ ನಾಲ್ಕು ಸೆಕೆಂಡು ತೆಗೆದುಕೊಂಡರೆ ತೆಗೆದುಕೊಳ್ಳಲಿ. ಕ್ಯಾಸೆಟ್ ಟೇಪ್‌ನಿಂದ ಒಂದು ಪ್ರೋಗ್ರಾಂ ಲೋಡ್ ಆಗಲು ಐದು ನಿಮಿಷ ಬೇಕಿತ್ತಲ್ಲ!

ನಮ್ಮ ಮನೆಗೆ ಸ್ಪೆಕ್ಟ್ರಮ್ ತಂದಿದ್ದು ಚಿಕ್ಕಪ್ಪ, ಹೊರದೇಶದಿಂದ ರಜಕ್ಕೆ ಬಂದಾಗ. ಪೆಟ್ಟಿಗೆ ಜೊತೆ ಒಂದು ಪತ್ರಿಕೆಯೂ ಬಂದಿತ್ತು. ಅದರ ರಿವ್ಯೂದಲ್ಲಿ ಕೀಬೋರ್ಡ್‌ಗೆ ಬಹಳ ಬೈಗುಳ. ರಬ್ಬರ್ ಕೀ, ಮೆತ್ತಗಿದೆ, ಟೈಪ್ ಮಾಡಲು ಆಗುವುದಿಲ್ಲ ಅಂತ. ನಾನು ಅದನ್ನು ಇವತ್ತಿಗೂ ಒಪ್ಪುವುದಿಲ್ಲ. ಆ ಕೀಗಳೆಲ್ಲ ಒಂದೇ ರಬ್ಬರ್ ಹಾಳೆ. ಮೇಲೆ ತೂತಿರುವ ಲೋಹದ ತಗಡು. ಒಳಕ್ಕೆ ಹೋಗಲು ಸಂದಿಯೇ ಇಲ್ಲ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಹುಳ ನೀವೆಲ್ಲ ಕಂಡವರೇ. ರೆಕ್ಕೆ ಉದುರಿಸಿಕೊಂಡು ಮೇಜಿನ ಮೇಲೆಲ್ಲ ಹರಿದಾಡುತ್ತವೆ. ಬೇರೆ ಕೀಬೋರ್ಡ್ ಆಗಿದ್ದರೆ ಸಂದಿಯಲ್ಲಿ ಸೇರಿಕೊಳ್ಳುತ್ತಿದ್ದವು. ನಮ್ಮದನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಲಂಡನ್ನಿನವರಿಗೆ ಕೆಟ್ಟದ್ದು ಅನಿಸಿದ್ದು ತೀರ್ಥಹಳ್ಳಿಯಲ್ಲಿ ಯಂತ್ರವನ್ನು ಕಾಪಾಡಿತು.

ಟೇಪ್ ಕಥೆ ಬೇರೆ. ಜುಲೈ ಬಂದರೆ ಕ್ಯಾಸೆಟ್ ಮೇಲೆ ಬಿಳಿ ಬೂಷ್ಟು. ಅದು ಟೇಪ್ ಓದುವ ಹೆಡ್‌ಗೆ ಮೆತ್ತಿಕೊಂಡರೆ ಅಕ್ಷರಶಃ ಏನೂ ಲೋಡ್ ಆಗುವುದಿಲ್ಲ. ನಾಲ್ಕು ನಿಮಿಷ ಗೆರೆಗಳು ಕುಣಿದು, ಕೊನೆಗೆ 'ಆರ್ ಟೇಪ್ ಲೋಡಿಂಗ್ ಎರರ್' ಅಂತ ಬರುತ್ತಿತ್ತು. ಅಪ್ಪ ಒಂದು ಬೀರುವಿನಲ್ಲಿ 15 ವಾಟ್ ಬಲ್ಬ್ ಉರಿಸಿ ಕ್ಯಾಸೆಟ್ಟುಗಳನ್ನು ಅಲ್ಲಿ ಇಟ್ಟರು. ಟೇಪ್ ರೆಕಾರ್ಡರಿನ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ತಿರುಗಿಸಿ, ಸದ್ದು ಚೂಪಾಗಿ ಕೇಳುವ ಜಾಗ ಹುಡುಕುವುದು ನನ್ನ ಕೆಲಸ. ಕಿವಿಯಲ್ಲೇ ಗೊತ್ತಾಗುತ್ತಿತ್ತು. ಈ ಸ್ಕ್ರೂ ಇದೆ ಅಂತ ನನ್ನ ಪತ್ರಿಕೆಯ ಆ ರಿವ್ಯೂದಲ್ಲಿ ಒಂದು ಸಾಲೂ ಇರಲಿಲ್ಲ.

ಭದ್ರಾವತಿ ಬೆಸುಗೆ

ನಾನು ರಿಪೇರಿ ಮಾಡುವವನು. ಬಿಚ್ಚಿದ ಯಂತ್ರಗಳ ಕಡೆಯಿಂದ ಹೇಳುತ್ತೇನೆ.

ನಮ್ಮಲ್ಲಿ ಸ್ಪೆಕ್ಟ್ರಮ್ ಹಾಳಾಗಲು ಮೊದಲ ಕಾರಣ ವೋಲ್ಟೇಜ್. ಅದರ ಅಡಾಪ್ಟರ್ 9 ವೋಲ್ಟ್ ಡಿಸಿ ಕೊಡುತ್ತದೆ, ಆದರೆ ಅದನ್ನು ಸ್ಥಿರವಾಗಿ ಹಿಡಿಯುವುದಿಲ್ಲ. ಯಂತ್ರದೊಳಗೆ 7805 ರೆಗ್ಯುಲೇಟರ್ ಅದನ್ನು 5 ವೋಲ್ಟ್‌ಗೆ ಇಳಿಸುತ್ತದೆ. ರೆಗ್ಯುಲೇಟರ್‌ಗೆ 7 ವೋಲ್ಟಾದರೂ ಬರಬೇಕು. ಸಂಜೆ ಊರೆಲ್ಲ ಪಂಪು, ಲೈಟು ಹಾಕಿದಾಗ ಕರೆಂಟು ಕುಸಿಯುತ್ತಿತ್ತು. ಬಲ್ಬ್ ಕೆಂಪಗಾಗುವಷ್ಟರಲ್ಲಿ ಸ್ಪೆಕ್ಟ್ರಮ್ ತಾನೇ ರೀಸೆಟ್. ಬರೆದ ಪ್ರೋಗ್ರಾಂ ಹೋಯಿತು. ಲಿಂಗನಮಕ್ಕಿ ನೀರಿನಿಂದ ರಾಜ್ಯಕ್ಕೆಲ್ಲ ಕರೆಂಟು ಹೋಗುತ್ತದೆ, ಹತ್ತಿರದ ಹಳ್ಳಿಯ ಮಗು ತಾನು ಬರೆದದ್ದನ್ನು ದಿನಾ ಕಳೆದುಕೊಳ್ಳುತ್ತಿತ್ತು. ಇದು ನನಗೆ ಇವತ್ತಿಗೂ ನೋವು. ಸ್ಟೆಬಿಲೈಸರ್ ಇಲ್ಲದೆ ಕೊಳ್ಳಬೇಡಿ ಅಂತ ಒಂದು ಸಾಲು ಬರೆದಿದ್ದರೆ ಎಷ್ಟು ಉಪಕಾರ ಆಗುತ್ತಿತ್ತು.

ಎರಡನೆಯದು ಮೆಮೊರಿ. ಕೆಳಗಿನ 16ಕೆಗೆ ಹಾಕಿದ 4116 ಚಿಪ್‌ಗಳಿಗೆ ಮೂರು ಥರ ವೋಲ್ಟೇಜ್ ಬೇಕು: +5, +12, -5. ಅದನ್ನು ಕೊಡುವ ಸರ್ಕ್ಯೂಟಿನ ಒಂದು ಟ್ರಾನ್ಸಿಸ್ಟರ್ ಸತ್ತರೆ ಚಿಪ್‌ಗಳೂ ಜೊತೆಗೆ ಸಾಯುತ್ತವೆ. ಮೇಲಿನ 32ಕೆಗೆ ಸಿಂಕ್ಲೇರ್ ಹಾಕಿದ್ದು ಅರ್ಧ ಭಾಗ ಮಾತ್ರ ಸರಿಯಿದ್ದ 64 ಕಿಲೋಬಿಟ್ ಚಿಪ್‌ಗಳನ್ನು. ಕಡಿಮೆ ಬೆಲೆಗೆ ಸಿಗುತ್ತಿದ್ದವು, ಸರಿಯಿದ್ದ ಅರ್ಧವನ್ನೇ ಬಳಸಿದರು. ನನಗೆ ಇದು ಜಾಣತನ ಅಂತಲೇ ಅನಿಸುತ್ತದೆ. 175 ಪೌಂಡ್‌ಗೆ ಬಣ್ಣದ ಕಂಪ್ಯೂಟರ್ ಬೇಕೆಂದರೆ ಹೀಗೇ ಯೋಚಿಸಬೇಕಿತ್ತು. ಆದರೆ ಫೆರಾಂಟಿ ಕಂಪನಿ ಮಾಡಿದ ಯುಎಲ್‌ಎ, ಅಂದರೆ ಸ್ಕ್ರೀನ್, ಕೀಬೋರ್ಡ್, ಟೇಪ್ ಎಲ್ಲ ನೋಡಿಕೊಳ್ಳುವ ಚಿಪ್ ಹೋದರೆ ಮಾತ್ರ ಕಥೆ ಮುಗಿದ ಹಾಗೆ. ಅದು ಸಿಂಕ್ಲೇರ್‌ಗೆಂದೇ ಮಾಡಿದ್ದು. ಬೆಂಗಳೂರಿನ ಎಸ್‌ಪಿ ರೋಡ್ ಪೂರ್ತಿ ಹುಡುಕಿದರೂ ನನಗೆ ಸಿಗುತ್ತಿರಲಿಲ್ಲ.

ಕೊಮೊಡೋರ್ 64 ಇನ್ನೊಂದು ಥರ. ಅದರ 5 ವೋಲ್ಟ್ ರೆಗ್ಯುಲೇಟರ್ ಹೊರಗಿನ ಅಡಾಪ್ಟರ್ ಪೆಟ್ಟಿಗೆಯಲ್ಲೇ ಇದೆ, ಒಳಗೆಲ್ಲ ಗಟ್ಟಿ ಅಂಟು ತುಂಬಿರುತ್ತದೆ. ವಯಸ್ಸಾದರೆ ಅದು ಹೆಚ್ಚು ವೋಲ್ಟೇಜ್ ಬಿಟ್ಟು ಯಂತ್ರವನ್ನೇ ಸುಡುತ್ತದೆ. ಅದು ಗೊತ್ತಾಗಲು ವರ್ಷಗಳು ಬೇಕು. ಎರಡು ವಾರ ಇಟ್ಟುಕೊಂಡು ಬರೆಯುವ ರಿವ್ಯೂದಲ್ಲಿ ಅದು ಬರುವುದು ಹೇಗೆ?

ಮೂರನೆಯದು ಸಿಡಿಲು. ಏಪ್ರಿಲ್, ಮೇ ಸಂಜೆ ಗುಡುಗಿದರೆ ಟಿವಿಯ ಆಂಟೆನಾ ವೈರ್ ತೆಗೆಯಿರಿ, ಪ್ಲಗ್ ಕೀಳಿ. ಇಷ್ಟೇ.

ಹೊಸನಗರ ಹುಡುಗ

ನಾನು ಚಿಕ್ಕವನು, ಡಿಜಿಟ್ ಪತ್ರಿಕೆಯ ಸಿಡಿ ಕಾಲದವನು. ಒಂದು ಕೇಳಲಾ? ಈ ಪತ್ರಿಕೆಗಳು ಮಲೆನಾಡಿಗೆ ಬರುತ್ತಿದ್ದದ್ದಾದರೂ ಹೇಗೆ? ಮತ್ತೆ ಯಂತ್ರವೇ ಸಿಗದ ಊರಲ್ಲಿ ಅದರ ರಿವ್ಯೂ ಓದಿ ಏನು ಸಿಕ್ಕಿತು ನಿಮಗೆ?

ಶರಾವತಿ48, ಸಾಗರ

ತಮ್ಮಾ, ಒಳ್ಳೇ ಪ್ರಶ್ನೆ. ಅಂಚೆಯಲ್ಲಿ ಚಂದಾ ಕಟ್ಟಿ ತರಿಸುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತಿದ್ದವು. ಓದಲು ಹೋದ ಅಣ್ಣಂದಿರು ದೀಪಾವಳಿಗೆ ಬರುವಾಗ ಒಂದೆರಡು ತರುತ್ತಿದ್ದರು. ಕೈಗೆ ಬರುವಾಗ ಸುದ್ದಿ ಹಳತಾಗಿರುತ್ತಿತ್ತು. 48ಕೆ ಸ್ಪೆಕ್ಟ್ರಮ್ 175 ಪೌಂಡ್ ಅಂತ ನಾವು ಓದುವಾಗ, ಅಲ್ಲಿ ಅದು 1983ರಲ್ಲೇ 130ಕ್ಕೆ ಇಳಿದಿತ್ತು. ನಮಗೆ ಬೆಲೆ ಮುಖ್ಯ ಆಗಿರಲಿಲ್ಲ ಬಿಡು. ಎರಡೂ ನಮಗೆ ಅಷ್ಟೇ ದೂರ.

ಏನು ಸಿಕ್ಕಿತು ಅಂತ ಕೇಳಿದೆ. ಯೋಚನೆ ಮಾಡುವ ರೀತಿ ಸಿಕ್ಕಿತು. ಯಂತ್ರ ಮುಟ್ಟುವ ಮೊದಲೇ ರಾಮ್ ಅಂದರೇನು, ಅಟ್ರಿಬ್ಯೂಟ್ ಅಂದರೇನು ಗೊತ್ತಿತ್ತು. ಸ್ಪೆಕ್ಟ್ರಮ್‌ನಲ್ಲಿ 8×8 ಚುಕ್ಕಿಯ ಒಂದು ಚೌಕಕ್ಕೆ ಎರಡೇ ಬಣ್ಣ, ಅದಕ್ಕೇ ಆಟದಲ್ಲಿ ಬಣ್ಣಗಳು ಒಂದರ ಮೇಲೊಂದು ಹರಡುತ್ತವೆ. ಇದನ್ನು ನಾನು ಲೆಕ್ಕದ ನೋಟ್‌ಬುಕ್ಕಿನ ಚೌಕಗಳಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ಮಾಡಿ ನೋಡಿ ಅರ್ಥ ಮಾಡಿಕೊಂಡೆ.

ಇನ್ನು ಕ್ರ್ಯಾಶ್ ಪತ್ರಿಕೆ. 1984ರಲ್ಲಿ ಶುರುವಾದದ್ದು, ಸ್ಪೆಕ್ಟ್ರಮ್ ಆಟಗಳಿಗೆ ಅಂತಲೇ. ಅದು ಬರುತ್ತಿದ್ದದ್ದು ಲಂಡನ್ನಿನಿಂದ ಅಲ್ಲ. ಶ್ರಾಪ್‌ಶೈರ್‌ನ ಲಡ್ಲೋ ಅನ್ನುವ ಸಣ್ಣ ಪೇಟೆಯಿಂದ. ಅಲ್ಲಿಯ ಶಾಲೆ ಹುಡುಗರನ್ನೇ ಕರೆದು ಕೂರಿಸಿ ಆಟ ಆಡಿಸಿ ರಿವ್ಯೂ ಮಾಡಿಸುತ್ತಿದ್ದರು. ಒಂದು ಆಟಕ್ಕೆ ಮೂವರ ಅಭಿಪ್ರಾಯ. ಮೂವರೂ ಒಪ್ಪಬೇಕಿಲ್ಲ. ಒಬ್ಬನಿಗೆ ಬಹಳ ಇಷ್ಟ, ಇನ್ನೊಬ್ಬನಿಗೆ ಬೇಸರ, ಎರಡನ್ನೂ ಅಚ್ಚು ಹಾಕುತ್ತಿದ್ದರು. ಕೊನೆಗೆ ಶೇಕಡಾ ಅಂಕ. 90 ದಾಟಿದರೆ ಅದು ಕ್ರ್ಯಾಶ್ ಸ್ಮ್ಯಾಶ್. ಇದು ಗೊತ್ತಾದಾಗ ನನಗೆ ಆದ ಸಂತೋಷ ಹೇಳತೀರದು. ಸಣ್ಣ ಊರಿನ ಹುಡುಗರ ಮಾತನ್ನು ದೇಶವೇ ಓದುತ್ತಿತ್ತು. ಹಾಗಾದರೆ ಸಾಗರದ ಹುಡುಗನ ಮಾತು ಯಾಕೆ ಬೇಡ?

ತುಂಗಾತೀರ, ತೀರ್ಥಹಳ್ಳಿ

ಹುಡುಗರ ಮಾತು ಸರಿ ಅಣ್ಣ, ಹುಡುಗಿಯರದ್ದೂ ಸೇರಿಸಿ. ನಾನು ನೋಡಿದ ಜಾಹೀರಾತುಗಳಲ್ಲಿ ಕೀಬೋರ್ಡ್ ಮುಂದೆ ಅಪ್ಪ ಮತ್ತು ಮಗ ಕೂತಿರುತ್ತಿದ್ದರು. ನಮ್ಮ ಮನೆಯಲ್ಲಿ ಕೂತಿದ್ದು ಅಪ್ಪ ಮತ್ತು ಮಗಳು.

ಆಗಿನ ರಿವ್ಯೂಗಳ ಒಂದು ಮಾತನ್ನು ಮಾತ್ರ ನಾನು ಬಲವಾಗಿ ವಿರೋಧಿಸುತ್ತೇನೆ. ಮನೆ ಲೆಕ್ಕ ಇಡಬಹುದು ಅಂತ ಪ್ರತಿ ಯಂತ್ರಕ್ಕೂ ಬರೆಯುತ್ತಿದ್ದರು. ನಾವು ಅದನ್ನು ನಂಬಿ ಅಡಿಕೆ ಲೆಕ್ಕದ ಪ್ರೋಗ್ರಾಂ ಬರೆದೆವು. ಸರಕು, ಬೆಟ್ಟೆ, ರಾಶಿ, ಗೊರಬಲು, ನಾಲ್ಕು ದರ್ಜೆ. ಎಷ್ಟು ಕ್ವಿಂಟಾಲ್, ಮಂಡಿಯಲ್ಲಿ ಯಾವ ದರ, ಕೊನೆ ಕೊಯ್ದವರಿಗೆ ಕೂಲಿ ಎಷ್ಟು. ಪ್ರೋಗ್ರಾಂ ಚೆನ್ನಾಗಿಯೇ ಓಡಿತು. ಆದರೆ ಒಂದು ಸಾಲು ಸೇರಿಸಲು ಪ್ರೋಗ್ರಾಂ ಲೋಡ್ ಮಾಡಬೇಕು, ಅಂಕಿಗಳನ್ನು ಲೋಡ್ ಮಾಡಬೇಕು, ಮತ್ತೆ ಸೇವ್ ಮಾಡಬೇಕು, ಸೇವ್ ಸರಿಯಾಯಿತಾ ಅಂತ ವೆರಿಫೈ ಮಾಡಬೇಕು. ಅಷ್ಟರಲ್ಲಿ ಅಮ್ಮ ಕಿರ್ದಿ ಪುಸ್ತಕದಲ್ಲಿ ಬರೆದು, ಕೂಡಿ, ಅಡುಗೆಮನೆಗೆ ಹೋಗಿ ಆಗಿರುತ್ತಿತ್ತು. ಡಿಸ್ಕ್ ಇಲ್ಲದ ಯಂತ್ರದಲ್ಲಿ ಮನೆ ಲೆಕ್ಕ ಆಗುವ ಮಾತಲ್ಲ. ಅದನ್ನು ಒಂದು ತಿಂಗಳು ಮಾಡಿ ನೋಡಿದ್ದರೆ ರಿವ್ಯೂ ಬರೆದವರಿಗೂ ಗೊತ್ತಾಗುತ್ತಿತ್ತು.

ಆದರೆ ಆ ಪ್ರೋಗ್ರಾಂ ಬರೆದಿದ್ದರಿಂದ ನಾನು ಏನು ಕಲಿತೆನೋ ಅದೇ ಮುಂದೆ ನನ್ನ ಕೆಲಸ ಆಯಿತು. ಅದನ್ನು ಯಾವ ಬೆಂಚ್‌ಮಾರ್ಕ್ ಅಳೆಯುತ್ತದೆ ಮೇಷ್ಟ್ರೇ?

ದುರ್ಗಿಗುಡಿ ಮೇಷ್ಟ್ರು, ಶಿವಮೊಗ್ಗ

ಒಪ್ಪಿದೆನಮ್ಮ. ಅಳೆಯುವುದಿಲ್ಲ.

ರಿವ್ಯೂ ಮಾಡಿದವರ ಕಷ್ಟವನ್ನೂ ನೋಡಬೇಕು. ಸಿಂಕ್ಲೇರ್ ಕ್ಯೂಎಲ್ ನೆನಪಿದೆಯಾ? 1984ರ ಜನವರಿಯಲ್ಲಿ ಘೋಷಣೆ ಮಾಡಿದರು, ಯಂತ್ರವೇ ತಯಾರಿರಲಿಲ್ಲ. ತಿಂಗಳುಗಳ ನಂತರ ಜನರ ಕೈಗೆ ಬಂದ ಮೊದಲ ಯಂತ್ರಗಳಲ್ಲಿ ರಾಮ್‌ನ ಒಂದು ಭಾಗ ಒಳಗೆ ಹಿಡಿಸದೆ ಹಿಂದೆ ಚುಚ್ಚಿಕೊಂಡಿತ್ತು. ಅರ್ಧ ಬೆಂದ ಯಂತ್ರವನ್ನು ಕೈಗೆ ಕೊಟ್ಟು ಬರೆಯಿರಿ ಅಂದರೆ ಏನು ಬರೆಯಬೇಕು? ಅದೇ ಪತ್ರಿಕೆಗೆ ಆ ಕಂಪನಿಯ ಜಾಹೀರಾತೂ ಬೇಕು. ಅಂಥದ್ದರಲ್ಲೂ ಕೊರತೆಗಳನ್ನು ಬಿಡಿಸಿ ಬರೆದವರಿಗೆ ನನ್ನ ಗೌರವ ಇದೆ.

ಈಗ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಮಾತು. ಮಲೆನಾಡಿನ ರಿವ್ಯೂ ಬರೆಯುವುದಾದರೆ ಕನ್ನಡ ಅದರಲ್ಲಿ ಬರಲೇಬೇಕು. ಆ ಯಂತ್ರಗಳಲ್ಲಿ ಕನ್ನಡ ಎಲ್ಲಿತ್ತು? ಸ್ಪೆಕ್ಟ್ರಮ್‌ನಲ್ಲಿ ನಮ್ಮದೇ ಚಿತ್ರ ಬಿಡಿಸಿಕೊಳ್ಳಲು 21 ಅಕ್ಷರಗಳ ಜಾಗ ಇತ್ತು, ಎ ಇಂದ ಯು ವರೆಗೆ. ಬಿಬಿಸಿಯಲ್ಲಿ ವಿಡಿಯು 23 ಅನ್ನುವ ಆಜ್ಞೆ, 224ರಿಂದ 255ರವರೆಗೆ 32 ಜಾಗ. ಮಕ್ಕಳು ಮೊದಲು ಮಾಡಿದ್ದೇ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುವುದು. 8×8 ಚೌಕದಲ್ಲಿ 'ರ' ಸುಲಭ, 'ಗ' ಸುಲಭ. 'ಕ್ಷ' ಬಂದರೆ ಕಷ್ಟ. ಒತ್ತಕ್ಷರಕ್ಕೆ ಕೆಳಗಿನ ಸಾಲಿನ ಚೌಕವನ್ನೂ ತಿನ್ನಬೇಕು. ಸ್ವರ, ವ್ಯಂಜನ ಸೇರಿದರೇ 21 ಜಾಗ ಸಾಲದು, ಕಾಗುಣಿತದ ಮಾತು ಹಾಗಿರಲಿ.

ಮುಂದೆ ಕಂಪ್ಯೂಟರಿನಲ್ಲಿ ಭಾರತೀಯ ಭಾಷೆ ಬರೆಯಲು ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ಬಂತು, 1998ರಲ್ಲಿ ಬರಹ ತಂತ್ರಾಂಶ, ಆಮೇಲೆ ನುಡಿ. ತೇಜಸ್ವಿಯವರು ಮೂಡಿಗೆರೆಯಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ತಲೆ ಕೆಡಿಸಿಕೊಂಡರು ಅನ್ನುವುದು ನಿಮಗೆಲ್ಲ ಗೊತ್ತು. ಆ ಹಸಿವು ಈ 8×8 ಚೌಕದಲ್ಲಿ ಹೆಸರು ಬರೆದ ಮಕ್ಕಳಲ್ಲೂ ಇತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೊಸನಗರ ಹುಡುಗ

ನಿನ್ನೆ ರಾತ್ರಿ ಈಗಿನ ಕಂಪ್ಯೂಟರಿನಲ್ಲೇ ಸ್ಪೆಕ್ಟ್ರಮ್‌ನಂತೆ ನಡೆಯುವ ಎಮ್ಯುಲೇಟರ್ ಹಾಕಿಕೊಂಡೆ. ಮೇಷ್ಟ್ರು ಹೇಳಿದ ಮೊದಲ ಬೆಂಚ್‌ಮಾರ್ಕ್ ಟೈಪ್ ಮಾಡಿದೆ. ನಿಜಕ್ಕೂ ಸುಮಾರು ನಾಲ್ಕೂವರೆ ಸೆಕೆಂಡು! ಕಾಯುವಾಗ ಯಂತ್ರ ಒಳಗೆ ಎಣಿಸುತ್ತಿದೆ ಅನ್ನುವುದು ಮೊದಲ ಸಲ ಅನುಭವಕ್ಕೆ ಬಂತು. 21 ಚೌಕದಲ್ಲಿ ಹೊಸನಗರ ಅಂತಲೂ ಬರೆದೆ. 'ಹೊ' ಗೆ ಎರಡು ಚೌಕ ಬೇಕಾಯಿತು.

ನಮ್ಮ ಅತ್ತೆ ಮನೆಯ ಅಟ್ಟದಲ್ಲಿ ನಿಜವಾದ ಸ್ಪೆಕ್ಟ್ರಮ್ ಒಂದಿದೆಯಂತೆ. ಪ್ಲಗ್ ಹಾಕಿ ನೋಡಲಾ?

ಭದ್ರಾವತಿ ಬೆಸುಗೆ

ಬೇಡ ಬೇಡ, ಹಾಗೇ ಹಾಕಬೇಡಿ ಮಾರಾಯ್ರೇ. ಹಳೇ ಅಡಾಪ್ಟರ್ ಅನ್ನು ಬದಿಗಿಡಿ. ಹೊಸದು ತರುವಾಗ ಗಮನ ಇರಲಿ, ಸ್ಪೆಕ್ಟ್ರಮ್ ಪ್ಲಗ್‌ನಲ್ಲಿ ನಡುವಿನದು ನೆಗೆಟಿವ್. ಈಗಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಅದು ಪಾಸಿಟಿವ್. ತಿರುವುಮುರುವು ಆದರೆ ಯಂತ್ರ ಹಾಳಾಗುತ್ತದೆ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಎಲ್ಲ ಬದಲಿಸಬೇಕು. ಕೀಬೋರ್ಡ್ ಕೆಳಗಿನ ಮೆಂಬ್ರೇನ್ ಪಟ್ಟಿ ಒಣಗಿ ಮುರಿದಿರುತ್ತದೆ, ಮುಚ್ಚಳ ಎತ್ತುವಾಗ ನಿಧಾನ. ಹೊಸ ಮೆಂಬ್ರೇನ್ ಈಗಲೂ ಮಾಡುತ್ತಾರೆ. ಟೇಪ್ ರೆಕಾರ್ಡರ್ ಬೇಕಿಲ್ಲ, ಫೋನಿನ ಹೆಡ್‌ಫೋನ್ ಸಾಕೆಟ್‌ನಿಂದ ವೈರ್ ತಂದು ಇಯರ್ ಸಾಕೆಟ್‌ಗೆ ಕೊಟ್ಟರೆ ಲೋಡ್ ಆಗುತ್ತದೆ. ಭದ್ರಾವತಿಗೆ ತನ್ನಿ, ಒಟ್ಟಿಗೇ ಬಿಚ್ಚೋಣ.

ಶರಾವತಿ48, ಸಾಗರ

ಇಷ್ಟು ಹೊತ್ತಿಗೆ ನಮ್ಮ ರಿವ್ಯೂ ಅರ್ಧ ಆದ ಹಾಗಾಯಿತು ಅಲ್ವಾ! ತೇವ, ಹುಳ, ವೋಲ್ಟೇಜ್, ಸಿಡಿಲು, ಅಡಿಕೆ ಲೆಕ್ಕ, ಕನ್ನಡ ಅಕ್ಷರ. ನಾನು ಎಲ್ಲ ಸೇರಿಸಿ ಬರೆಯುತ್ತೇನೆ. ಅದಕ್ಕೂ ಮೊದಲು ಒಂದು ತುರ್ತು ಕೆಲಸ. ತುಂಗಾತೀರ ಅಕ್ಕನ ಅಡಿಕೆ ಪ್ರೋಗ್ರಾಂನ ಕ್ಯಾಸೆಟ್ ಇನ್ನೂ ಇದೆಯಾ? ಬೇರೆಯವರ ಹತ್ತಿರವೂ ಇಂಥವು ಇರಬಹುದು. ಇಂಗ್ಲೆಂಡಿನ ಆಟಗಳನ್ನು ಅವರು ಉಳಿಸಿಕೊಂಡಿದ್ದಾರೆ. ನಮ್ಮ ಮಕ್ಕಳು ಬರೆದದ್ದನ್ನು ನಾವೇ ಉಳಿಸಬೇಕು. ಮಳೆ ಹಿಡಿಯುವ ಮೊದಲು ಆಗಬೇಕು.

ತುಂಗಾತೀರ, ತೀರ್ಥಹಳ್ಳಿ

ಇದೆ. ಬೀರು ಅದೇ, ಬಲ್ಬ್ ಮಾತ್ರ ಈಗ ಎಲ್‌ಇಡಿ, ಅದರಿಂದ ಬಿಸಿ ಬರುವುದಿಲ್ಲ. ಅದಕ್ಕೇ ಸಿಲಿಕಾ ಜೆಲ್ ಹಾಕಿಟ್ಟಿದ್ದೇನೆ. ಒಂದು ಪ್ಲೇಯರ್ ಇದೆ, ಕಂಪ್ಯೂಟರ್‌ಗೆ ಹೇಗೆ ತುಂಬಿಸಿಕೊಳ್ಳಬೇಕು ಹೇಳಿ.

ಭದ್ರಾವತಿ ಬೆಸುಗೆ

ಅಕ್ಕಾ, ಬೂಷ್ಟು ಕಂಡರೆ ಮೊದಲು ಪ್ಲೇ ಮಾಡಬೇಡಿ, ಹಾಗೇ ತನ್ನಿ. ಕಾಣದಿದ್ದರೆ ಹೆಡ್ ಮತ್ತು ರಬ್ಬರ್ ಚಕ್ರ ಒರೆಸಿ, ಕ್ಯಾಸೆಟ್ ಅನ್ನು ಆ ತುದಿಯಿಂದ ಈ ತುದಿಗೆ ಒಂದು ಸಲ ಸುತ್ತಿಸಿ. ಲೈನ್-ಇನ್‌ಗೆ ವೈರ್ ಕೊಡಿ. 44.1 ಕಿಲೋಹರ್ಟ್ಸ್ ವೇವ್ ಫೈಲ್ ಆಗಿ ಉಳಿಸಿ. ಎಂಪಿ3 ಬೇಡ, ಅದು ಸದ್ದಿನ ಅಂಚುಗಳನ್ನು ಸವೆಸುತ್ತದೆ. ಹೆಡ್ ಪಕ್ಕದ ಸ್ಕ್ರೂ ತಿರುಗಿಸುವುದು ನಿಮಗೆ ಗೊತ್ತೇ ಇದೆ. ಎರಡು ಸಲ ರೆಕಾರ್ಡ್ ಮಾಡಿ ಎರಡೂ ಫೈಲ್ ಕಳಿಸಿ. ಒಂದರಲ್ಲಿ ಹೋದ ಬೈಟ್ ಇನ್ನೊಂದರಲ್ಲಿ ಸಿಗಬಹುದು.